ಚೀನೀ ಮಾಸ್ತರರ ಕಿವಿ

ಗುರುಪಾದಪ್ಪ ಮಾಸ್ತರರು ಯಾರ ಮಾತನ್ನೂ ಕಣ್ಣು ತೆರೆದು ಕೇಳುತ್ತಿರಲಿಲ್ಲ. ಎದುರಿನವರು ಬಾಯಿ ತೆರೆದ ಕೂಡಲೇ ಎರಡೂ ಅಂಗೈಗಳನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ತಲೆ ಬಗ್ಗಿಸಿಬಿಡುತ್ತಿದ್ದರು. ಸಂತೆಯಲ್ಲಿ ಬದನೆಕಾಯಿ ಮಾರುವವಳು ಒಮ್ಮೆ, "ಬ್ಯಾಡಾದ್ರ ಬಿಡ್ರಿ, ಕಿವಿ ಯಾಕ ಮುಚ್ಕೊಂತೀರಿ?" ಎಂದು ಜಗಳಕ್ಕೇ ನಿಂತಿದ್ದಳು.

ಅದು ಸೈನ್ಯ ಕೊಟ್ಟ ಅಭ್ಯಾಸ. ಚೀನಾ ಯುದ್ಧ ಮುಗಿದ ಮೇಲೆ ಸೈನ್ಯದವರು ಕುಬಿಹಾಳದ ಈ ರೈತನ ಮಗನಿಗೆ ಚೀನೀ ಭಾಷೆ ಕಲಿಸಿ, ಹಿಮದ ಗುಡ್ಡದ ಮೇಲಿನ ಒಂದು ಗುಡಿಸಲಿನಲ್ಲಿ ಹೆಡ್‌ಫೋನ್ ಹಾಕಿ ಕೂಡಿಸಿದ್ದರು. ಅದನ್ನು ಕಿವಿಗೊತ್ತಿಕೊಂಡು ಗಡಿಯಾಚೆಯ ರೇಡಿಯೋ ಏನು ಹೇಳುತ್ತದೆಂದು ಕೇಳಿ ಬರೆದುಕೊಳ್ಳುವುದೇ ಕೆಲಸ. ಹನ್ನೊಂದು ವರ್ಷ ಕೇಳಿದರು. ನಿವೃತ್ತರಾಗಿ ಬಂದು ಕಲಘಟಗಿಯ ನಮ್ಮ ಆರ್ಟ್ಸ್ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ಪುಸ್ತಕದ ಧೂಳು ಹೊಡೆಯುವ ಮನುಷ್ಯನಿಗೆ ಚೀನೀ ಬರುತ್ತದೆಂದು ತಿಳಿದ ಪ್ರಿನ್ಸಿಪಾಲರು ಖುಷಿಯಾಗಿ, ಸಂಜೆ ನಾಲ್ಕರ ನಂತರ 'ಚೀನೀ ಭಾಷೆ ಮತ್ತು ಸಂಸ್ಕೃತಿ' ಎಂಬ ತರಗತಿ ನಡೆಸಲು ಒಂದು ಕೋಣೆ ಕೊಟ್ಟರು. ವೈರಿಯ ಭಾಷೆ ನಮಗೇಕೆ ಎಂದು ಕೇಳಿದವರಿಗೆ ಮಾಸ್ತರರ ಉತ್ತರ ಸಿದ್ಧವಿರುತ್ತಿತ್ತು: "ಬಾಜು ಮನಿಯವರ ಮಾತು ತಿಳೀಲಿಲ್ಲಂದ್ರ, ಅವರು ಬೈಯಾಕತ್ತಾರೋ ಉಣ್ಣಾಕ ಕರಿಯಾಕತ್ತಾರೋ, ಹೆಂಗ ಗೊತ್ತಾಗಬೇಕು?"

ನಾನು ಸೇರಿದ್ದು ಅಪ್ಪನ ಕುಂಚದ ದೆಸೆಯಿಂದ. ನಮ್ಮದು ತೊಟ್ಟಿಲಿಗೆ ಚಿತ್ರ ಬರೆಯುವ ಮನೆತನ. ಮೊಮ್ಮಗಳಿಗೆ ತೊಟ್ಟಿಲು ಮಾಡಿಸಲು ಬಂದ ಮಾಸ್ತರರು ಬಂದ ಕೆಲಸ ಮರೆತು, ಅಪ್ಪ ಕುಂಚವನ್ನು ನೆಟ್ಟಗೆ ಹಿಡಿದು, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಬಳ್ಳಿ ಬರೆಯುವುದನ್ನೇ ನೋಡುತ್ತ ನಿಂತರು. "ಇಂಥಾ ಕೈ ಇರೋ ಮನಿ ಮಗಳು ಚೀನೀ ಬರಿಯೂದು ಕಲೀಲಿಲ್ಲಂದ್ರ ಪಾಪ ಬರತೈತ್ರಿ" ಎಂದರು. ಅಪ್ಪ ಪಾಪಕ್ಕೆ ಬಹಳ ಹೆದರುವವನು. ಮರುದಿನವೇ ನಾನು ಆ ಕೋಣೆಯ ಏಳನೆಯ ವಿದ್ಯಾರ್ಥಿಯಾದೆ.

ಮೊದಲ ಮೂರು ತಿಂಗಳು ಪೆನ್ನು ಮುಟ್ಟುವಂತಿರಲಿಲ್ಲ. ಏಳು ಜನವೂ ಕಿವಿಗೆ ಕೈಯೊತ್ತಿ ಕಣ್ಣು ಮುಚ್ಚಿ ಕೂರಬೇಕು, ಅವರು ಹೇಳಿದ್ದನ್ನು ಹೇಳಬೇಕು. ಆಮೇಲೆ ಅಪ್ಪನ ಸವೆದ ಕುಂಚಗಳಿಂದ ಹಳೆಯ ಪತ್ರಿಕೆಯ ಮೇಲೆ ಅಕ್ಷರ. ಶನಿವಾರ ಸಂಸ್ಕೃತಿ. ಅಂದು ಹಾಲಿಲ್ಲದ ಚಹಾ ಕುಡಿಯಬೇಕಿತ್ತು, ಬಿದಿರು ಕಡ್ಡಿಯಲ್ಲಿ ಚುರಮರಿ ತಿನ್ನಬೇಕಿತ್ತು. ಚೀನಾದವರು ಎಲ್ಲವನ್ನೂ ಕಡ್ಡಿಯಲ್ಲೇ ತಿನ್ನುತ್ತಾರೆಂದು ಅವರು ಎಲ್ಲೋ ಓದಿದ್ದರು. ಒಂದೊಂದೇ ಕಾಳು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಸಂಜೆಯ ಬಸ್ಸು ತಪ್ಪುತ್ತಿತ್ತು. "ಅವರೂ ನಮ್ಮಂಗನ ಬೇ, ಭೆಟ್ಟಿ ಆದ ಕೂಡ್ಲೆ 'ಊಟ ಆತೇನು' ಅಂತ ಕೇಳತಾರ" ಎಂದು ಅವರು ಹೇಳುವಾಗ, ಅಷ್ಟು ದೂರದ ದೇಶ ನಮ್ಮ ಓಣಿಯ ತುದಿಗೆ ಬಂದು ನಿಂತಂತೆ ನನಗನಿಸುತ್ತಿತ್ತು.

ನಾನು ಕೊನೆಯ ವರ್ಷದಲ್ಲಿದ್ದಾಗ ಆಡಳಿತ ಮಂಡಳಿಗೆ ಹೊಸ ಅಧ್ಯಕ್ಷರು ಬಂದರು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, "ಇದು ಖರೇನ ಚೀನೀ ಅನ್ನೂದಕ್ಕ ಸಾಕ್ಷಿ ಏನ್ರಿ? ನೀವು ಬಾಯಿಗೆ ಬಂದದ್ದು ಕಲಿಸಿದ್ರೂ ನಮಗೇನು ತಿಳೀತೈತಿ? ಸಾಕ್ಷಿ ತೋರಸ್ರಿ, ಇಲ್ಲಾಂದ್ರ ತಿಂಗಳ ಕೊನೀಗೆ ಬಂದ್ ಮಾಡ್ರಿ" ಎಂದರು. ಸೈನ್ಯದ ಕೆಲಸದ ಕಾಗದಗಳು ಗುಟ್ಟಿನವು, ತೋರಿಸುವಂತಿರಲಿಲ್ಲ.

ಆ ಸಂಜೆ ಮಾಸ್ತರರು ಕುಂಚ ತೊಳೆಯುತ್ತಿದ್ದ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಗಿರಿಜವ್ವಾ, ಹನ್ನೊಂದು ವರ್ಷ ಕೇಳೇನಿ. ಆದ್ರ ಒಬ್ಬ ಚೀನಾದವನ ಕೂಡನೂ ಮಾತಾಡಿಲ್ಲ. ಆ ಕಡಿಂದ ಯಾರೂ ನನಗ ಒಮ್ಮಿನೂ 'ಹೂಂ' ಅಂದಿಲ್ಲ. ನಾ ಆಡೂದು ಅವರಿಗೆ ತಿಳೀತೈತೋ ಇಲ್ಲೋ, ನನಗೂ ಗೊತ್ತಿಲ್ಲವ್ವಾ." ತರಗತಿ ನಿಲ್ಲುವುದಕ್ಕಿಂತ ಆ ಸಂಶಯವೇ ಅವರನ್ನು ತಿನ್ನುತ್ತಿತ್ತು.

ಅಪ್ಪ ಹುಬ್ಬಳ್ಳಿಯಲ್ಲಿ ಹಲ್ಲು ಕಟ್ಟಿಸಿಕೊಂಡಿದ್ದು ಒಬ್ಬ ಚೀನೀ ದಂತವೈದ್ಯರ ಹತ್ತಿರ. ಅವರ ಮುದಿ ತಾಯಿ ಅಂಗಡಿಯ ಬಾಗಿಲಲ್ಲೇ ಕೂತಿರುತ್ತಿದ್ದರು. ನಾನು ಮೊದಲ ಬಸ್ಸಿಗೆ ಹೋಗಿ ಅವರ ಮುಂದೆ ನಿಂತೆ. ಅಜ್ಜಿ ಎಲ್ಲವನ್ನೂ ಕೇಳಿ, ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ, "ಹಳ್ಳ್ಯಾಗ ಚೀನೀ ಕಲಿಸ್ತಾನ? ಹುಚ್ಚನೇನು? ನಡಿ, ನೋಡೂಣು" ಎಂದು ಚಪ್ಪಲಿ ಮೆಟ್ಟಿದರು.

ಆ ಶನಿವಾರ ಸಂಜೆ ಕೋಣೆಯಲ್ಲಿ ಪ್ರಿನ್ಸಿಪಾಲರು, ಅವರು ಕರೆಸಿದ ಅಧ್ಯಕ್ಷರು, ನಾವು ಏಳು ಜನ. ಮಾಸ್ತರರು ಅಜ್ಜಿಗೊಂದು ಸೆಲ್ಯೂಟ್ ಹೊಡೆದು, ಚೀನೀಯಲ್ಲಿ, ಬರಬೇಕು, ಕೂಡಬೇಕು, ಊಟ ಆಯಿತೇ ಎಂದು ಕೇಳಿದರು. ಅಜ್ಜಿ ಅವರ ಬಾಯಿಯನ್ನೇ ನೋಡುತ್ತ ಕೂತರು. ಮಾಸ್ತರರ ಮುಖ ಬಿಳಿಚಿತು. ಅಧ್ಯಕ್ಷರು ಕುರ್ಚಿಯಿಂದ ಏಳಲು ಹೊರಟರು.

ಆಗ ಅಜ್ಜಿ ಶುರುಮಾಡಿದರು. ಅದು ನಿಲ್ಲುವ ಮಾತಲ್ಲ. ಕೆರೆಯ ತೂಬು ತೆಗೆದಂತೆ ಬಂದೇ ಬಂತು. ಮಾಸ್ತರರು ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕಿವಿಗೆ ಕೈಯೊತ್ತಿಕೊಂಡರು. ಅಜ್ಜಿ ಎದ್ದುಬಂದು ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು. "ಕಿವಿ ಯಾಕ ಮುಚ್ಕೊಂತೀಯೋ? ನಾ ಇಲ್ಲೇ ನಿನ್ನ ಮುಂದ ಅದೀನಿ."

ಮಾಸ್ತರರು ಕಣ್ಣು ತೆರೆದರು. ತೆರೆದು ಉತ್ತರ ಕೊಟ್ಟರು. ಅಜ್ಜಿ ಕೇಳಿದರು, ಅವರು ಹೇಳಿದರು, ಮತ್ತೆ ಅಜ್ಜಿ ನಕ್ಕರು. ನಮ್ಮ ಮಾಸ್ತರರ ಎರಡೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮಾತು ಮಾತ್ರ ತಡವರಿಸಲಿಲ್ಲ.

"ಅಜ್ಜೀ, ಇದು ಖರೇನ ಚೀನೀನೇನ್ರಿ?" ಎಂದರು ಅಧ್ಯಕ್ಷರು.

"ಖರೇನ. ಆದ್ರ ಊಟ ಆತೇನು ಅನ್ನೂದನ್ನೂ ರೇಡಿಯೋದಾಗ ಯುದ್ಧದ ಸುದ್ದಿ ಓದಿದಂಗ ಅಂತಾನ!" ಕೋಣೆ ನಗೆಯಲ್ಲಿ ಮುಳುಗಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರರೇ. ನಗು ನಿಂತ ಮೇಲೆ ಅಜ್ಜಿ ಹೇಳಿದರು, "ಯುದ್ಧ ಆದ ಮ್ಯಾಲೆ ನಾವು ಬೀದ್ಯಾಗ ನಮ್ಮ ಮಾತು ಆಡೂದು ಬಿಟ್ಟಿದ್ವಿ. ಹೊರಗಿನವನೊಬ್ಬ ಅದರಾಗ ನನ್ನ ಊಟ ವಿಚಾರಿಸಿದ್ದು ಇವತ್ತ ಮೊದಲು." ಅಧ್ಯಕ್ಷರು ಆಮೇಲೆ ಸಾಕ್ಷಿಯ ಮಾತೆತ್ತಲಿಲ್ಲ. ನಾವು ಹೆಮ್ಮೆಯಿಂದ ಕಡ್ಡಿ ಮತ್ತು ಚುರಮರಿ ಮುಂದಿಟ್ಟೆವು. "ಚುರಮರಿ ಯಾರರ ಕಡ್ಡೀಲೆ ತಿಂತಾರೇನ್ರೋ, ಹುಚ್ಚಪ್ಪಗಳಿರಾ!" ಎಂದು ಅಜ್ಜಿ ಮುಷ್ಟಿ ತುಂಬ ಎತ್ತಿ ಮುಕ್ಕಿದರು. ಆ ಶನಿವಾರದಿಂದ ನಮ್ಮ ಬಸ್ಸು ತಪ್ಪಲಿಲ್ಲ.

ಮರುವರ್ಷ ಆ ಕೋಣೆಯಲ್ಲಿ ಬೆಂಚು ಸಾಲಲಿಲ್ಲ. ನಾನು ಮುಂದಿನ ಓದಿಗೆ ದಿಲ್ಲಿಗೆ ಹೊರಟಾಗ ಮಾಸ್ತರರು ಬಸ್ ನಿಲ್ದಾಣಕ್ಕೆ ಬಂದಿದ್ದರು. ಕಿಟಕಿಯಿಂದ ನಾನು ಚೀನೀಯಲ್ಲಿ ಹೋಗಿಬರುತ್ತೇನೆ ಎಂದೆ. ಅವರು ಕಿವಿ ಮುಚ್ಚಲಿಲ್ಲ. ಎರಡೂ ಕೈ ಮೇಲೆತ್ತಿ ಬೀಸುತ್ತ, ಕಣ್ಣರಳಿಸಿ ನೋಡುತ್ತ, ಇಡೀ ನಿಲ್ದಾಣಕ್ಕೆ ಕೇಳುವಂತೆ ಅದೇ ಸುದ್ದಿಯ ದನಿಯಲ್ಲಿ ಊಟ ಆಯಿತೇ ಎಂದು ಕೂಗಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ನಾನು ರಜೆಗೆ ಬರುವ ಮೊದಲೇ ಹೋಗಿಬಿಟ್ಟರು.

ದಿಲ್ಲಿಯಲ್ಲಿ ಬೀಜಿಂಗಿನಿಂದ ಬಂದಿದ್ದ ನಮ್ಮ ಅಧ್ಯಾಪಕಿ ಮೊದಲ ದಿನವೇ, "ನೀನು ಸುದ್ದಿ ಓದುವವಳಂತೆ ಮಾತಾಡುತ್ತೀ, ಯಾರು ಕಲಿಸಿದರು?" ಎಂದು ಕೇಳಿದರು. ಕಷ್ಟಪಟ್ಟು ಎರಡು ವರ್ಷದಲ್ಲಿ ನನ್ನ ಧಾಟಿಯನ್ನೆಲ್ಲ ತಿದ್ದಿದರು. ಒಂದು ವಾಕ್ಯವನ್ನು ಮಾತ್ರ ನಾನು ತಿದ್ದಗೊಡಲಿಲ್ಲ. ಇವತ್ತಿಗೂ ನಾನು ನಡೆಸುವ ಚೀನೀ ತರಗತಿಗೆ ಹೊಸದಾಗಿ ಬಂದ ಮಕ್ಕಳನ್ನು, ಯುದ್ಧ ಗೆದ್ದ ಸುದ್ದಿ ಓದುವ ದನಿಯಲ್ಲಿ, ಊಟ ಆಯಿತೇ ಎಂದು ಕೇಳುತ್ತೇನೆ.