ವಿಭೂತಿಯಲ್ಲಿ ಬೆಳಗಿದ ದೊರೆ

ಕೊಲಂಬಿಯಾ, ಮೇರಿಲ್ಯಾಂಡ್, 1996

ಸುಮ್ಮನೆ ಕೂರಲಾರದ ಅತಿಥಿ ನಾನು. ಗೆಳತಿ ಸರಳಾಳ ಮನೆಯ ಪೂಜೆಗೆ ಬೆಳ್ಳಿ ಸಾಮಾನು ಬೆಳಗುವ ಕೆಲಸವನ್ನು ಕೇಳಿ ಪಡೆದೆ. ಅಲ್ಲೇ ಕಪಾಟಿನಲ್ಲಿ ಕಪ್ಪಗಾದ ದೊಡ್ಡ ಬೆಳ್ಳಿ ನಾಣ್ಯವೊಂದಿತ್ತು. ಇದೊಂದು ಯಾಕೆ ಉಳಿಯಬೇಕೆಂದು ಅದನ್ನೂ ವಿಭೂತಿ ಹಚ್ಚಿ ತಿಕ್ಕಿದೆ. ಗಡ್ಡದ ದೊರೆಯೊಬ್ಬ ಫಳಫಳ ಹೊಳೆದ.

ಸರಳಾಳ ಗಂಡ, ಡಾಕ್ಟರು, ನೋಡಿ ನಿಂತುಬಿಟ್ಟರು. "ಯುರೋಪಿನ ಬೊಹೀಮಿಯಾದ್ದು, ನಾನೂರೈವತ್ತು ವರ್ಷ ಹಳೇದು. ಆ ಕಪ್ಪನ್ನ ಯಾರೂ ಕ್ಲೀನ್ ಮಾಡಲ್ಲ. ಅದು ಹೋದ್ರೆ ಕಾಯಿನ್ ಕಲೆಕ್ಟರ್ಸ್ ಮುಟ್ಟಲ್ಲ," ಎಂದರು ಮೆಲ್ಲಗೆ.

ನಾನು ವಿಭೂತಿಯ ಬಟ್ಟೆಯನ್ನು ಕೆಳಗಿಟ್ಟೆ.

"ಹೋಗ್ಲಿ ಬಿಡಿ, ನಾನು ಮೊದ್ಲೇ ಹೇಳ್ಬೇಕಿತ್ತು," ಎಂದು ಅವರೇ ಅದನ್ನು ಲಕ್ಷ್ಮಿಯ ತಟ್ಟೆಯಲ್ಲಿಟ್ಟರು. ಪೂಜೆಗೆ ಬಂದವರೆಲ್ಲ ಅದರ ಹೊಳಪನ್ನು ಹೊಗಳಿದರು. ಮಂಗಳಾರತಿ ನನ್ನ ಮುಂದೆ ಬಂದಾಗ ಕೈ ಚಾಚಲಾಗಲಿಲ್ಲ. ಹೆಬ್ಬೆರಳಿನ ಕಪ್ಪು ಇನ್ನೂ ಹೋಗಿರಲಿಲ್ಲ.