ಅಮ್ಮನ ಏಳು ಅಂಕಿಗಳು

ನನ್ನ ಅಮ್ಮ ಅಗಾತಾ ವೋಲ್ಕ್ ಇಪ್ಪತ್ತೆರಡು ವರ್ಷ ಸಾಮೂಹಿಕ ಬೇಸಾಯದ ಕೊಟ್ಟಿಗೆಯಲ್ಲಿ ಹಾಲು ಕರೆದಳು. ಮೂರು ಪದಕ ಬಂದವು; ಮೂರನ್ನೂ ಗುಂಡಿಗಳ ಡಬ್ಬಿಗೆ ಹಾಕಿ ಮರೆತುಬಿಟ್ಟಳು. ತಲಾಸ್ ಕಣಿವೆಯ ನಮ್ಮೂರಲ್ಲಿ ಕಿರ್ಗಿಜರು, ರಷ್ಯನರು ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹಾಲಿನ ಅಗಾತಾ ಎಂದೇ. ಅವಳಿಗಿದ್ದ ಇನ್ನೊಂದು ಕೆಲಸ, ಮುತ್ತಜ್ಜಂದಿರ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿದ ನಮ್ಮ ಜರ್ಮನ್ ಮನೆಗಳಿಗೆ ಮಾತ್ರ ಗೊತ್ತಿತ್ತು. ಅವಳು ಮಕ್ಕಳಿಗೆ ಕೀರ್ತನೆ ಕಲಿಸುತ್ತಿದ್ದಳು. ಆ ಸೋವಿಯತ್ ಕಾಲದಲ್ಲಿ ದೊಡ್ಡವರು ಕದ ಹಾಕಿಕೊಂಡು ಪ್ರಾರ್ಥನೆ ಮಾಡಿದರೆ ಸರ್ಕಾರ ಕಂಡೂ ಕಾಣದ ಹಾಗೆ ಇರುತ್ತಿತ್ತು. ಮಕ್ಕಳಿಗೆ ದೇವರ ಹೆಸರು ಕಲಿಸಿದರೆ ಮಾತ್ರ ಸುಮ್ಮನೆ ಬಿಡುತ್ತಿರಲಿಲ್ಲ. ಪಕ್ಕದೂರಿನಲ್ಲಿ ಹಾಗೆ ಕಲಿಸಿದ ಒಬ್ಬ ತಾಯಿಯ ಇಬ್ಬರು ಮಕ್ಕಳನ್ನು ಕಿತ್ತುಕೊಂಡು ಸರ್ಕಾರಿ ವಸತಿಶಾಲೆಗೆ ಒಯ್ದಿದ್ದರು.

ನಮ್ಮ ಕ್ರೈಸ್ತ ಸಭೆಯವರು ಅಜ್ಜಂದಿರ ಕಾಲದಿಂದಲೂ ಸ್ವರಕ್ಕೆ ಅಂಕಿ ಬರೆದು ಹಾಡುವವರು. ಒಂದರಿಂದ ಏಳು, ಅಷ್ಟೇ. ಮೊದಲು ಅಂಕಿಯನ್ನೇ ಹಾಡಿ ರಾಗ ಕೂರಿಸಿಕೊಳ್ಳಬೇಕು, ಆಮೇಲೆ ಅದಕ್ಕೆ ಮಾತು ಹಾಕಬೇಕು. ಅಮ್ಮ ಇದನ್ನೇ ಹಿಡಿದುಕೊಂಡಳು. ಅಡುಗೆಮನೆಯ ಗೋಡೆಗೆ ಮೇಣಬಟ್ಟೆಯ ಪಟ್ಟಿ ಹೊಡೆದು, ಅದರ ಮೇಲೆ ಏಳು ಅಂಕಿ ಬರೆದು, ಲಟ್ಟಣಿಗೆಯಿಂದ ಒಂದೊಂದನ್ನೇ ತೋರಿಸುತ್ತಿದ್ದಳು. ತೋರಿಸಿದ್ದನ್ನು ನಾವು ಹಾಡಬೇಕು. ಹತ್ತು ವರ್ಷ ತುಂಬುವವರೆಗೆ ಬರೀ ಅಂಕಿ. ಹತ್ತು ತುಂಬಿದ ದಿನ ಕೊಟ್ಟಿಗೆಗೆ ಕರೆದೊಯ್ದು, ಹಸುವಿನ ಹೊಟ್ಟೆಗೆ ಹಣೆ ಆನಿಸಿ ಹಾಲು ಕರೆಯುತ್ತಲೇ ಮೆಲ್ಲಗೆ ಹಾಡಿ ಕೀರ್ತನೆಯ ಮಾತು ಕೊಡುತ್ತಿದ್ದಳು. ಅದಕ್ಕೆ ಮುಂಚೆ ಮಕ್ಕಳ ಬಾಯಿಗೆ ಬೀಗ ಇರುವುದಿಲ್ಲ ಎಂದು ಅವಳ ತೀರ್ಮಾನ. ಅಂಕಿ ಹಾಡಿದ ಮಗುವನ್ನು ಯಾವ ಸರ್ಕಾರ ತಾನೇ ಹಿಡಿದೀತು!

ನನಗೂ ಹಾಗೆಯೇ ಕೊಟ್ಟಳು. ನಾನು ಇಸಿದುಕೊಂಡೆ, ಒಂದೆರಡು ವರ್ಷ ಹಾಡಿದೆ, ಆಮೇಲೆ ಬಿಟ್ಟುಬಿಟ್ಟೆ. ಹದಿನೇಳಕ್ಕೆ ನಾನು ಕಮ್ಯುನಿಸ್ಟ್ ಯುವಸಂಘದ ಬಿಲ್ಲೆ ಚುಚ್ಚಿಕೊಂಡು ತಿರುಗುವ ಹುಡುಗಿ. ರಾಜಧಾನಿಯಲ್ಲಿ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತ್ತು. ದೇವರು ಇದ್ದಾನೆ ಎನ್ನುವವರನ್ನು ಕಂಡರೆ ನನಗೆ ನಾಚಿಕೆಯಾಗುತ್ತಿತ್ತು, ಅದರಲ್ಲೂ ನನ್ನ ಅಮ್ಮನನ್ನು ಕಂಡರೆ. ಈಗ ಹೇಳಲು ಸಂಕಟವಾಗುತ್ತದೆ, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ನನ್ನ ತಂಗಿ ಲೀಸ್ಕೆಗೆ ಆಗ ಎಂಟು. ಅಬ್ಬಬ್ಬಾ, ಅವಳ ಬಾಯಿ! ಮನೆಯಲ್ಲಿ ಕೋಳಿ ಕೂಗಿದರೂ ಶಾಲೆಗೆ ಸುದ್ದಿ ಮುಟ್ಟುತ್ತಿತ್ತು. ಒಂದು ದಿನ ಅವಳ ಟೀಚರ್ ರಯೀಸಾ ನನ್ನನ್ನು ಕರೆಸಿದರು.

"ಬಾ ಇಲ್ಲಿ ಟೀನಾ, ನಿನ್ ತಂಗಿ ಪುಸ್ತಕ ನೋಡು. ಐದು, ಐದು, ಆರು, ಐದು, ಮೂರು. ಏನಿದು? ಕೂಡೋದಾ, ಕಳೆಯೋದಾ?"

"ಅವಳಿಗೆ ಲೆಕ್ಕ ಸ್ವಲ್ಪ ಕಷ್ಟ, ಟೀಚರ್."

"ಕಷ್ಟ ಅಲ್ಲ, ತಲೆಹರಟೆ! ಇಡೀ ಪುಟ ಬರೆದಿದಾಳೆ, ಒಂದಕ್ಕೂ ಉತ್ತರ ಇಲ್ಲ. ಮನೇಲಿ ನಿಮ್ಮಮ್ಮ ಹೇಳ್ಕೊಡಲ್ವಾ?"

"ಹೇಳ್ಕೊಡ್ತಾಳೆ," ಎಂದೆ. ಬೇರೇನು ಹೇಳಲಿ?

ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸದ್ದೇ ಇಲ್ಲದ ನಗು. ಆ ಚಳಿಗಾಲದಲ್ಲಿ ಅವಳ ಗಂಟಲಿನ ಗೆಡ್ಡೆ ಕತ್ತರಿಸಿ ತೆಗೆದಿದ್ದರು. ದನಿಯೂ ಅದರ ಜೊತೆಗೇ ಹೋಗಿತ್ತು. ಪಿಸುಮಾತು ಮಾತ್ರ ಉಳಿದಿತ್ತು. ಗೆಡ್ಡೆ ಮತ್ತೆ ಬೆಳೆಯುತ್ತಿದೆ ಎಂದು ವೈದ್ಯರು ಅಪ್ಪನಿಗೆ ಹೇಳಿದ್ದರು. ನಕ್ಕು ಸುಧಾರಿಸಿಕೊಂಡ ಮೇಲೆ ಅಮ್ಮ ನನ್ನ ತೋಳು ಹಿಡಿದು ಹತ್ತಿರ ಕೂರಿಸಿಕೊಂಡಳು.

"ಟೀನಾ, ಲೀಸ್ಕೆಗೆ ಕೀರ್ತನೆ ಮಾತು ಕೊಟ್ಬಿಡು."

"ಅವಳಿಗೆ ಎಂಟಮ್ಮಾ! ಹತ್ತು ಅಂತ ಗೆರೆ ಎಳೆದಿದ್ದು ನೀನೇ ಅಲ್ವಾ?"

"ಹತ್ತಕ್ಕೆ ನಾನಿರಲ್ಲ ಕಣೇ. ಮಾತನ್ನ ಹಾಡೇ ಕೊಡ್ಬೇಕು, ಪಿಸುಗುಟ್ಟಿದ್ರೆ ನಿಲ್ಲಲ್ಲ. ನಂಗೆ ಹಾಡೋಕೆ ದನಿ ಎಲ್ಲಿದೆ?"

"ಅಪ್ಪ ಕೊಡ್ಲಿ."

"ನಿಮ್ಮಪ್ಪ ಹಾಡಿದ್ರೆ ಹಸು ಒದ್ದು ಬಕೆಟ್ಟು ಉರುಳಿಸುತ್ತೆ."

ನನಗೆ ನಗು ಬಂತು. ಅದಕ್ಕೇ ಇನ್ನೂ ಸಿಟ್ಟು ಬಂತು. "ನಾನು ಕೊಡಲ್ಲ. ನಂಗೆ ಅದ್ರಲ್ಲಿ ನಂಬ್ಕೆನೇ ಇಲ್ಲ. ಅವಳು ಶಾಲೇಲಿ ಬಾಯ್ಬಿಟ್ರೆ ನನ್ ಸೀಟು ಹೋಗುತ್ತೆ, ಅವಳನ್ನ ಎತ್ಕೊಂಡ್ ಹೋಗ್ತಾರೆ. ಬೇಕಾ ನಿಂಗೆ?"

ಅಮ್ಮ ನನ್ನ ತೋಳು ಬಿಡಲಿಲ್ಲ. "ನಂಬ್ಕೆ ಕೊಡು ಅಂದ್ನಾ? ಅದನ್ನ ಕೊಡೋನು ಬೇರೆ ಇದಾನೆ. ನಿನ್ನ ಹತ್ರ ಇಟ್ಟಿರೋ ಮಾತನ್ನ ಅವಳಿಗೆ ದಾಟಿಸು ಅಂದೆ, ಅಷ್ಟೇ."

ಮತ್ತೆ ಅವಳು ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಶನಿವಾರ ಒಂದರ ಮೇಲೊಂದು ಉಂಡೆ ಕೂರಿಸಿದ ಬನ್ನು ಸುಡುತ್ತಾ, ಕೂರಲು ಆಗದ ಮೇಲೆ ಮಂಚದಿಂದಲೇ ಲಟ್ಟಣಿಗೆ ಚಾಚುತ್ತಾ, ಲೀಸ್ಕೆಯಿಂದ ಒಂದೇ ಕೀರ್ತನೆಯನ್ನು ದಿನಾ ಹಾಡಿಸಿದಳು. ಅಜ್ಜಿಯಿಂದ ಅಮ್ಮನಿಗೆ ಬಂದ ಕೀರ್ತನೆ ಅದು, ನಮ್ಮ ಮನೆಯ ಸಾವುಗಳಲ್ಲೆಲ್ಲ ಹಾಡುವಂಥದ್ದು. ಲೀಸ್ಕೆ ಗಂಟಲು ಬಿಚ್ಚಿ ಅಂಕಿ ಹಾಡುವಳು. ಅಮ್ಮ ಸದ್ದಿಲ್ಲದೆ ತುಟಿಯಲ್ಲಿ ಮಾತು ಆಡಿಸುವಳು. ಲೀಸ್ಕೆಯ ಕಣ್ಣೋ ಲಟ್ಟಣಿಗೆಯ ಮೇಲೆ. ನಾನು ಬಾಗಿಲಲ್ಲಿ ನಿಂತು ಎರಡನ್ನೂ ನೋಡುತ್ತಿದ್ದೆ. ಏಪ್ರಿಕಾಟ್ ಹೂ ಉದುರುವ ಹೊತ್ತಿಗೆ ಅಮ್ಮ ತೀರಿಕೊಂಡಳು. ನಾನು ಕೊಟ್ಟಿರಲಿಲ್ಲ.

ಪದಕ ಪಡೆದವಳಲ್ಲವೇ, ಸಾಮೂಹಿಕ ಬೇಸಾಯದ ಕಡೆಯಿಂದಲೇ ಮೆರವಣಿಗೆ ಮಾಡಿದರು. ತುತ್ತೂರಿಯ ಬ್ಯಾಂಡು ಬಂತು. ಜಿಲ್ಲೆಯಿಂದ ಟೋಪಿ ಹಾಕಿದ ಅಧಿಕಾರಿಯೊಬ್ಬ ಬಂದ. ನಮ್ಮ ಬೇಸಾಯದ ಅಧ್ಯಕ್ಷರು ಮೊಲ್ದೋಬೆಕ್, ಒಳ್ಳೆಯ ಮನುಷ್ಯ, ಅಪ್ಪನನ್ನು ಪಕ್ಕಕ್ಕೆ ಕರೆದರು.

"ಹಾಡು ಗೀಡು ಬೇಡ ಕೊರ್ನೆಲಿಯುಸ್. ನಾನಾದ್ರೆ ಕಿವುಡಾಗ್ತೀನಿ, ಆದ್ರೆ ಆ ಟೋಪಿಯವನು ಹಾಡೋರ ಪಟ್ಟಿ ಬರ್ಕೊಳ್ಳೋಕೇ ಬಂದಿದಾನೆ."

ಅಪ್ಪ ತಲೆ ತಗ್ಗಿಸಿ ಹೂಂ ಎಂದ. ನಮ್ಮ ಜನ ನೂರಾರು ಮಂದಿ ಗುಂಡಿಯ ಸುತ್ತ ತುಟಿ ಕಚ್ಚಿ ನಿಂತರು. ಬ್ಯಾಂಡು ಬಾರಿಸಿ ನಿಂತಿತು. ಹಗ್ಗ ಕೊಟ್ಟು ಪೆಟ್ಟಿಗೆ ಇಳಿಸತೊಡಗಿದರು. ಹಗ್ಗ ಮರಕ್ಕೆ ಉಜ್ಜುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಆಗ ನನ್ನ ಪಕ್ಕದಲ್ಲಿ ಲೀಸ್ಕೆ ತಲೆ ಎತ್ತಿ ಶುರು ಮಾಡಿದಳು.

"ಐದು ಐದು ಆರು ಐದು ಮೂರು..."

ಅವಳಿಗೆ ಯಾರೂ ಬೇಡ ಎಂದಿರಲಿಲ್ಲ. ಅಂಕಿಗೆ ಬೇಡ ಎನ್ನುವುದೇ ನಮ್ಮ ಮನೆಯಲ್ಲಿ ಇರಲಿಲ್ಲವಲ್ಲ! ಟೋಪಿಯವನು ಹುಬ್ಬು ಗಂಟಿಕ್ಕಿದ. "ಏನ್ರೀ ಅದು, ಆ ಮಗು ಏನು ಎಣಿಸ್ತಿದೆ?"

"ಹಾಲಿನ ಕ್ಯಾನು," ಎಂದರು ಮೊಲ್ದೋಬೆಕ್, ಕಣ್ಣು ಮಿಟುಕಿಸದೆ. "ಅವಳಮ್ಮ ಕೊಟ್ಟಿಗೇಲಿ ಹಿಂಗೇ ಎಣಿಸ್ತಿದ್ಳು. ಪಾಪ, ಸಂಕಟಕ್ಕೆ ಎಣಿಸ್ತಿದೆ ಬಿಡಿ."

ಅಲ್ಲಿಗೆ ಮುಗಿದಿತ್ತು. ನಾನು ಸುಮ್ಮನಿದ್ದಿದ್ದರೆ ನನ್ನ ಸೀಟೂ ಉಳಿಯುತ್ತಿತ್ತು. ಆದರೆ ಸುತ್ತ ನೋಡಿದೆ. ಮಾತು ಬಲ್ಲವರೆಲ್ಲ ಬಾಯಿ ಮುಚ್ಚಿ ಅಳುತ್ತಿದ್ದರು, ಮಾತು ಗೊತ್ತಿಲ್ಲದ ಒಂದು ಕೂಸು ಮಾತ್ರ ಹಾಡುತ್ತಿತ್ತು. ಅಮ್ಮ ಕೇಳಿದ್ದು ಅಷ್ಟೇ ಅಲ್ಲವಾ? ನನ್ನ ಹತ್ತಿರ ಇದ್ದದ್ದನ್ನು ಪಕ್ಕದಲ್ಲಿರುವವಳಿಗೆ ದಾಟಿಸುವುದು. ನನಗೆ ನನ್ನ ಮೇಲೇ ಎಂಥ ಅಸಹ್ಯವಾಯಿತು ಅಂದರೆ, ಲೀಸ್ಕೆಯ ಕೈ ಹಿಡಿದು, ಅವಳ ಅಂಕಿಯ ಮೇಲೆ ನನ್ನ ಮಾತು ಇಟ್ಟು ಜೋರಾಗಿ ಹಾಡಿಬಿಟ್ಟೆ.

"ನನ್ನ ಕುರುಬನು ಮುಂದೆ ನಡೆದಿದ್ದಾನೆ, ನಾನಿನ್ನು ದಾರಿ ಕೇಳುವುದಿಲ್ಲ..."

ಎರಡನೆಯ ಸಾಲಿಗೆ ಅಪ್ಪ ಸೇರಿಕೊಂಡ, ಎಂದಿನ ಹಾಗೆ ಅಪಸ್ವರದಲ್ಲಿ. ಮೂರನೆಯದಕ್ಕೆ ಎಲ್ಲರೂ ಸೇರಿದರು. ಟೋಪಿಯವನು ಪುಸ್ತಕ ತೆಗೆದು ಮೊದಲು ನನ್ನ ಹೆಸರು ಕೇಳಿ ಬರೆದುಕೊಂಡ. ಅಷ್ಟೊಂದು ಬಾಯಿಗಳ ನಡುವೆ ಎಂಟು ವರ್ಷದವಳ ಹೆಸರು ಅವನ ಪಟ್ಟಿಗೆ ಸಿಗಲಿಲ್ಲ, ದೇವರ ದಯೆ. ನನ್ನ ಸೀಟು ಹೋಯಿತು. ಅಮ್ಮನ ಸಾಲಿನ ಹಸುಗಳನ್ನೇ ನಾನು ಮೂವತ್ತೊಂದು ವರ್ಷ ಕರೆದೆ. ನಂಬಿಕೆ ಅವತ್ತೇ ಬಂತೆಂದು ಸುಳ್ಳು ಹೇಳಲಾರೆ. ಅದು ಆಮೇಲೆ, ದಿನಾ ಹಾಡುತ್ತಾ ಹಾಡುತ್ತಾ ಬಂತು. ಸೀಟಿಗಾಗಿ ನಾನು ಒಂದು ದಿನವೂ ಅತ್ತಿಲ್ಲ.

ನಾನು ಅತ್ತದ್ದು ಬೇರೆಯದಕ್ಕೆ. ಹಾಡು ಮುಗಿದು ಜನ ಮಣ್ಣು ಹಾಕುತ್ತಿದ್ದಾಗ ಲೀಸ್ಕೆ ನನ್ನ ಲಂಗ ಜಗ್ಗಿದಳು.

"ಅಕ್ಕಾ, ಐದು ಐದು ಆರರಲ್ಲಿ ಇದು ಇತ್ತಾ?"

"ಹೂಂ ಕಣೇ, ಇದೇ ಇತ್ತು."

"ಮೊದ್ಲೇ ಹೇಳಬಾರ್ದಿತ್ತಾ? ಅಮ್ಮಂಗೆ ಹಾಡಿ ತೋರಿಸ್ತಿದ್ದೆ."

ಅದಕ್ಕೇ ನನ್ನ ಮೊಮ್ಮಕ್ಕಳನ್ನು ನಾನು ಹತ್ತು ತುಂಬುವವರೆಗೆ ಕಾಯಿಸುವುದಿಲ್ಲ.