ಗುನ್ನಾರ್ ಕಾರ್ಡುಗಳಿಗೆ ನಾನಿಟ್ಟ ಅಡ್ಡಹೆಸರು

ಕಳೆದ ಶನಿವಾರ ನನಗೊಂದು ಕೆಲಸ ಸಿಕ್ಕಿತು. ಸಂಬಳ ಇಲ್ಲ, ಕಾಫಿ ಇದೆ. ಏನು ಕೆಲಸ ಅಂತೀರಾ? ಅಡ್ಡಹೆಸರು ಇಡೋದು!

ನಗಬೇಡಿ. ಈ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದದ್ದು. ಉಡುಪಿಯಲ್ಲಿ ನಮ್ಮ ಓಣಿಯ ಅರ್ಧ ಜನಕ್ಕೆ ಹೆಸರಿಟ್ಟವಳು ನಾನೇ. ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದ ಮೇಲೂ ಚಾಳಿ ಬಿಟ್ಟಿಲ್ಲ. (ಇಲ್ಲಿನ ಕನ್ನಡದವರಲ್ಲಿ ‘ನಂಬರ್ ಮಾಮ’ ಅಂತ ಒಬ್ಬರಿದ್ದಾರೆ. ಯಾರೇ ಹೊಸಬರು ಬರಲಿ, ಹೆಸರು ಕೇಳುವ ಮೊದಲು ‘ಪರ್ಸೊನ್‌ನುಮ್ಮರ್ ಬಂತಾ?’ ಅಂತ ಸರ್ಕಾರಿ ಗುರುತಿನ ನಂಬರ್ ವಿಚಾರಿಸ್ತಾರೆ. ಅವರು ಈ ಅಂಕಣ ಓದಲ್ಲ ಅನ್ನೋ ಧೈರ್ಯ ನನ್ನದು.)

ಕೆಲಸ ಕೊಟ್ಟವರು ಮೇಲಿನ ಮನೆಯ ಗುನ್ನಾರ್. ಎಪ್ಪತ್ತು ದಾಟಿದೆ. ಆದರೂ ನಾನು ಬರೀ ‘ಗುನ್ನಾರ್’ ಅಂತಲೇ ಕರೆಯೋದು, ಅವರ ಹೆಂಡತಿಯನ್ನು ‘ಇಂಗರ್’ ಅಂತ. ಇಲ್ಲಿ ಎಲ್ಲರೂ ಹಾಗೇ. ಇದನ್ನು ಫೋನಿನಲ್ಲಿ ಕೇಳಿದ ನನ್ನಮ್ಮ, ‘ಅಜ್ಜನ ಪ್ರಾಯದವರನ್ನು ಹೆಸರು ಹಿಡಿದು ಕರೀತೀಯಾ?’ ಅಂತ ಸಮಾ ಬೈದಿದ್ದಳು.

ಗುನ್ನಾರ್ ಹಡಗಿನ ಇಂಜಿನ್ ರೂಮಿನಲ್ಲಿ ದುಡಿದವರು. ಅಮೆರಿಕದ ಬಂದರಿಗೆ ಹೋದಾಗಲೆಲ್ಲ ಹಳೆಯದು, ಹೊಸದು ಎನ್ನದೆ ಬೇಸ್‌ಬಾಲ್ ಕಾರ್ಡ್ ತಂದಿದ್ದಾರೆ. ನಮ್ಮಲ್ಲಿ ಬಬಲ್‌ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತಲ್ಲ, ಅಂಥವೇ. ವರ್ಷ ವರ್ಷಕ್ಕೂ ಡಿಸೈನ್ ಬೇರೆ. ಈಗ ಅಲ್ಲಿರುವ ಮಗಳು ಹೊಸ ಪ್ಯಾಕೆಟ್‌ಗಳನ್ನೂ ಕಳಿಸ್ತಾಳೆ. ‘ಆಟ ಗೊತ್ತಾ?’ ಅಂತ ಕೇಳಿದೆ. ‘ಅಷ್ಟೇನಿಲ್ಲ. ಕಾರ್ಡ್ ಚಂದ’ ಅಂದರು.

ಆ ಚಂದವೇ ಈಗ ಕೈ ತಪ್ಪಿ ಹೋಗ್ತಿದೆ. ಗುನ್ನಾರ್ ಕಣ್ಣು ಮಂಜಾಗ್ತಿದೆ. ನೇರ ನೋಡಿದರೆ ನಡುವೆ ಮಬ್ಬು, ಸುತ್ತಲೂ ಸ್ವಲ್ಪ ಕಾಣುತ್ತೆ. ಇನ್ನೆಷ್ಟು ದಿನ ಅಂತ ಡಾಕ್ಟರೂ ಹೇಳಿಲ್ಲ.

ಹಾಗಾಗಿ ಒಂದು ಉಪಾಯ ಹೂಡಿದ್ದಾರೆ. ಮುಂದೆ ಕಣ್ಣು ಪೂರ್ತಿ ಹೋದಾಗ ಇಂಗರ್ ಒಂದೊಂದೇ ಕಾರ್ಡ್ ತೆಗೆದು ಅದರ ಹೆಸರು ಹೇಳಬೇಕು. ಹೆಸರು ಕಿವಿಗೆ ಬಿದ್ದ ಕೂಡಲೇ ಗುನ್ನಾರ್‌ಗೆ ಕಾರ್ಡ್ ಕಾಣಬೇಕು. ‘ಇಸವಿ ಹೇಳಿದರೆ ಸಾಲದಾ?’ ಅಂದೆ. ‘ಇಸವಿ ಹೇಳಿದರೆ ಇಸವಿ ನೆನಪಾಗುತ್ತೆ. ಚಿತ್ರ ಬರಲ್ಲ’ ಅಂದರು. ಇನ್ನು ಇಂಗರ್ ವರ್ಣನೆಯೋ, ‘ಒಬ್ಬ ಗಂಡಸು, ಟೊಪ್ಪಿ ಹಾಕಿದ್ದಾನೆ’ ಅಷ್ಟೇ. (ಎಲ್ಲ ಕಾರ್ಡಿನಲ್ಲೂ ಇರೋದು ಅದೇ!)

ಇಲ್ಲೇ ಲಿಂಡ್‌ಹೋಲ್ಮೆನ್ ಬಡಾವಣೆಯಲ್ಲಿ ಸಾಫ್ಟ್‌ವೇರ್ ಬರೆಯುವ ನನ್ನ ಗಂಡ ಥಟ್ಟನೆ, ‘ಎಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕೋಣ’ ಅಂದ. ಕಂಪ್ಯೂಟರ್ ನೋಡೋಕೆ ಕಣ್ಣು ಬೇಡ್ವಾ ಮಾರಾಯ?

ಸರಿ, ನಾನೇ ಹೋದೆ. ಮೇಜಿನ ಮೇಲೆ ಕಾಫಿ, ದಾಲ್ಚಿನ್ನಿ ಬನ್, ಕಾರ್ಡುಗಳು. ನನಗೋ ಭಾರೀ ಉಮೇದು. ಐವತ್ತರ ದಶಕದ ಒಂದು ಕಾರ್ಡಿನಲ್ಲಿ ಆಟಗಾರನ ಸುತ್ತ ಮರದ ಚೌಕಟ್ಟು, ಬಾಗಿಲಿದ್ದ ನಮ್ಮ ಹಳೇ ಟೀವಿ ಪೆಟ್ಟಿಗೆಯಂತೆ. ‘ಷಟರ್ ಟೀವಿ!’ ಅಂದೆ. ಇನ್ನೊಂದರ ಅಂಚು ಮೇಲರ್ಧ ಗುಲಾಬಿ, ಕೆಳಗರ್ಧ ಹಳದಿ. ‘ಉಡುಪಿ ಸಿಟಿ ಬಸ್ಸು!’ ಈಚಿನದೊಂದು ಪೂರ್ತಿ ಬೆಳ್ಳಿ ಮಿಂಚು, ಕಣ್ಣಿಗೆ ಚುಚ್ಚುವಷ್ಟು. ‘ಮದುವೆ ಪತ್ರಿಕೆ!’ ಕಪ್ಪು ಅಂಚಿನದು, ಮೂಲೆಯಲ್ಲಿ ಬಣ್ಣ ಉದುರಿದೆ. ‘ಸೀದ ದೋಸೆ!’ ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ. ಸ್ವೀಡಿಷ್‌ಗೆ ತಿರುಗಿಸಿ ಹೇಳಿಕೊಟ್ಟೆ, ಇಂಗರ್ ಎಲ್ಲವನ್ನೂ ಉರು ಹೊಡೆದರು.

ಆಮೇಲೆ ಪರೀಕ್ಷೆ. ಗುನ್ನಾರ್ ಕಣ್ಣು ಮುಚ್ಚಿ ಕುಳಿತರು.

‘ಷಟರ್ ಟೀವಿ’ ಅಂದರು ಇಂಗರ್.

‘ಟೀವಿಗೆ ಷಟರ್ ಯಾಕೆ?’ ಅಂದರು ಗುನ್ನಾರ್.

‘ಉಡುಪಿ ಬಸ್ಸು.’ ಊಹೂಂ. ‘ಮದುವೆ ಪತ್ರಿಕೆ.’ ಅವರಿಬ್ಬರ ಮದುವೆ ಪತ್ರಿಕೆ ಬಿಳಿ ಕಾಗದದ್ದಂತೆ, ಮೇಲೊಂದು ಹೂವೂ ಇರಲಿಲ್ಲವಂತೆ. ಗುನ್ನಾರ್ ಪಾಪ, ಹಣೆ ಗಂಟಿಕ್ಕಿ ಹುಡುಕ್ತಾನೇ ಇದ್ದರು. ನಾನು ಅರ್ಧ ತಿಂದ ಬನ್ನನ್ನು ತಟ್ಟೆಗೆ ವಾಪಸ್ ಇಟ್ಟೆ.

‘ಸೀದ ದೋಸೆ’ ಅಂದರು ಇಂಗರ್, ಕೊನೆಗೆ.

ಗುನ್ನಾರ್ ನಕ್ಕುಬಿಟ್ಟರು. ‘ಕಪ್ಪು ಅಂಚು! ಮೂಲೆ ಉದುರಿದೆ! ಕಾಣ್ತಿದೆ!’ ಕಾಣದೆ ಏನು? ನಮ್ಮ ಮನೆ ದೋಸೆ ತಿಂದವರಲ್ವೇ. ನನ್ನ ದೋಸೆ ಬಗ್ಗೆ ಅವರ ಅಭಿಪ್ರಾಯ ಏನು ಅಂತಲೂ ಅವತ್ತೇ ಗೊತ್ತಾಯ್ತು.

ಆಗ ನನಗೆ ನಾಚಿಕೆಯಾಯಿತು. ನೋಡಬೇಕಾದವರು ಗುನ್ನಾರ್, ನಾನು ಹೆಸರಿಟ್ಟದ್ದು ನನ್ನ ಕಣ್ಣಿಗೆ! ಇದು ಕಾರ್ಡಿನ ಮಾತಷ್ಟೇ ಅಲ್ಲ. ಮಗಳನ್ನು ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ ಸೇರಿಸಿದ ದಿನ, ಅಲ್ಲಿನ ಟೀಚರಿಗೆ ‘ಇವಳಿಗೆ ಗಂಜಿ ಇಷ್ಟ’ ಅಂತ ಸ್ವೀಡಿಷ್‌ನಲ್ಲಿ ಹೇಳಿ ಬಂದಿದ್ದೆ. ಆಕೆ ತಲೆಯಾಡಿಸಿದಳು. ಆಕೆಯ ಕಣ್ಣ ಮುಂದೆ ಬಂದದ್ದು ಜಾಮ್ ಹಾಕಿದ ಓಟ್ಸ್. ಕೊಟ್ಟದ್ದೂ ಅದೇ. ಮಗಳು ಉಪವಾಸ. ಪರದೇಶದಲ್ಲಿ ನಮ್ಮ ಅರ್ಧ ಮಾತುಕತೆ ಹೀಗೇ ಅಲ್ವಾ? ಅವರು ತಲೆಯಾಡಿಸ್ತಾರೆ, ನಾವು ಅರ್ಥವಾಯ್ತು ಅಂದುಕೊಳ್ತೀವಿ.

‘ನನ್ನ ಹೆಸರುಗಳನ್ನು ಬಿಡಿ. ನಿಮಗೆ ಏನು ಕಾಣುತ್ತೆ, ಅದನ್ನು ಹೇಳಿ’ ಅಂದೆ.

ಗುನ್ನಾರ್ ಮರದ ಚೌಕಟ್ಟಿನ ಕಾರ್ಡನ್ನು ಕಣ್ಣಿನ ಒಂದು ಪಕ್ಕಕ್ಕೆ ಹಿಡಿದು ತುಂಬ ಹೊತ್ತು ನೋಡಿದರು. ‘ಸೌನಾ ಕಿಟಕಿ. ಒಳಗಿಂದ ಯಾರೋ ಇಣುಕ್ತಿದ್ದಾನೆ.’ ಇಲ್ಲಿನವರು ಬಟ್ಟೆ ಬಿಚ್ಚಿ ಕೂತು ಬೆವರಿಳಿಸುವ ಮರದ ಬಿಸಿ ಕೋಣೆಯ ಕಿಟಕಿ! ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ಎರಡು ಬಣ್ಣದ್ದು ಅವರಮ್ಮ ಹಳೆ ಬಟ್ಟೆ ಸೀಳಿ ನೇಯ್ದ ಚಾಪೆಯಾಯಿತು. ಬೆಳ್ಳಿ ಮಿಂಚಿನದಕ್ಕೆ ಸ್ವಲ್ಪ ತಡವರಿಸಿದರು. ಆಮೇಲೆ, ‘ಹೆರಿಂಗ್ ಮೀನಿನ ಹೊಟ್ಟೆ’ ಅಂದರು. ಅಯ್ಯೋ, ಬಲೆಯಿಂದ ಆಗ ತಾನೇ ತೆಗೆದ ನಮ್ಮ ಕರಾವಳಿಯ ಬೂತಾಯಿ ಮೀನು! ನನಗೂ ಕಂಡಿತು.

ಕಿಟಕಿಯಲ್ಲಿ ಬೆಳಕು ಇಳಿಯುವವರೆಗೂ ಕುಳಿತೆವು. ಪೆಟ್ಟಿಗೆಯಲ್ಲಿ ಇನ್ನೂ ಬೇಕಾದಷ್ಟಿವೆ. ವಾರ ವಾರ ಬಾ ಅಂದಿದ್ದಾರೆ. ಹೋಗ್ತೀನಿ, ಅವರ ಕಣ್ಣು ಎಷ್ಟು ವಾರ ಕಾಯುತ್ತೋ ಅನ್ನೋ ಹೆದರಿಕೆ ಇಟ್ಟುಕೊಂಡೇ.

ಹೊರಡಲು ಎದ್ದಾಗ ಗುನ್ನಾರ್ ನನ್ನ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ತಾವು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣಂಚಿನಿಂದ ನನ್ನ ಮುಖವನ್ನು ನಿಧಾನಕ್ಕೆ ನೋಡಿದರು.

‘ನಿನಗೂ ಒಂದು ಹೆಸರು ಬೇಕು ಶಾಲಿನಿ. ಮುಂದೆ ನೀನು ಬಂದಾಗ ಇಂಗರ್ ಅದನ್ನು ಹೇಳ್ತಾಳೆ, ನಾನು ನಿನ್ನನ್ನು ನೋಡ್ತೀನಿ. ಏನಂತ ಇಡೋಣ?’

ಊರಿಗೆಲ್ಲ ಹೆಸರಿಟ್ಟವಳು, ‘ಮುಂದಿನ ವಾರ ಹೇಳ್ತೀನಿ’ ಅಂದು ಮೆಟ್ಟಿಲಿಳಿದು ಬಂದೆ. ನಿಮ್ಮನ್ನೇ ಕೇಳ್ತೀನಿ: ನಾಳೆ ಕಾಣದೇ ಹೋಗುವ ಕಣ್ಣಿಗೆ ನಿಮ್ಮ ಮುಖವನ್ನು ಎರಡೇ ಪದದಲ್ಲಿ ಕೊಡಬೇಕಾದರೆ, ಏನು ಕೊಡ್ತೀರಿ?